ನಮ್ಮ ಹೊಟ್ಟೆನೋವೂ ಲೆಕ್ಕಕ್ಕೆ ಬರಲಿ, ಒಪ್ಪಿಗೆ ಮಾತ್ರ ನಮ್ಮದೇ ಇರಲಿ

(ಹೆಗ್ಗೋಡು ಸುತ್ತಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಡಿಕೆ ಸುಲಿಯೋ ಕೆಲಸ, ಮನೆಗೆಲಸ, ದನಕರುಗಳ ಕೆಲಸ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಬಂದಿದ್ದೀರಿ. ಸಾಮಾನ್ಯವಾಗಿ ನಮ್ಮ ಸಭೆಗಳಲ್ಲಿ ಉಳಿತಾಯ, ಸಾಲ, ಬಡ್ಡಿ, ಕಂತು ಇವುಗಳ ಲೆಕ್ಕ ನೋಡ್ತೇವೆ. ಇವತ್ತು ಹೊಟ್ಟೆಯ ಲೆಕ್ಕ ನೋಡೋಣ. ಹೊಟ್ಟೆಯ ತೊಂದರೆಗಳ ಬಗ್ಗೆ ವೈದ್ಯಕೀಯ ಸಂಶೋಧನೆ ನಡೆಯುತ್ತದೆ. ಅದಕ್ಕೆ ನಾವು ಸ್ವಯಂಸೇವಕರಾಗಿ ಸೇರಬಹುದೇ? ಸೇರುವುದಾದರೆ ಏನೇನು ತಿಳಿದುಕೊಂಡು ಸೇರಬೇಕು? ಬೇಡ ಅನ್ನಿಸಿದರೆ ಹೇಗೆ ಬೇಡ ಅನ್ನಬೇಕು? ಇದು ಇವತ್ತಿನ ವಿಷಯ.

"ಇದೆಲ್ಲ ದೊಡ್ಡ ಊರಿನವರಿಗೆ, ನಮಗ್ಯಾಕೆ ಸಿಸ್ಟರ್?" ಅಂತ ನೀವು ಕೇಳಬಹುದು. ನಮಗೂ ಬೇಕು. ಹಳ್ಳಿಯ ಹೆಂಗಸರ ಆರೋಗ್ಯದ ಬಗ್ಗೆ ಯಾರಿಗಾದರೂ ಮಾಹಿತಿ ಬೇಕಾದರೆ ಅವರಿಗೆ ಸುಲಭವಾಗಿ ಸಿಗುವುದು ಸ್ವಸಹಾಯ ಸಂಘ. ಹದಿನೈದು-ಇಪ್ಪತ್ತು ಜನ ಹೆಂಗಸರು ವಾರಕ್ಕೊಮ್ಮೆ ಒಂದೇ ಜಗಲಿಯಲ್ಲಿ ಕೂತಿರುವುದು ಬೇರೆಲ್ಲಿ ಸಿಗುತ್ತದೆ? ಹಾಗಾಗಿ ಯಾರಾದರೂ ಬಂದು ಕೇಳುವ ಮೊದಲೇ ನಾವು ತಯಾರಾಗಿರುವುದು ಒಳ್ಳೆಯದು.

ಹೇಳದೆ ಉಳಿದ ಹೊಟ್ಟೆನೋವು

ಮನೆ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ: "ಏನಿಲ್ಲ ಸಿಸ್ಟರ್, ಸ್ವಲ್ಪ ಗ್ಯಾಸ್ಟ್ರಿಕ್ಕು." ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ಊಟ ಆದ ಕೂಡಲೇ ಸಂಕಟ, ಮಲಬದ್ಧತೆ, ಮತ್ತೆ ಕೆಲವರಿಗೆ ಊಟ ಮಾಡಿದ ತಕ್ಷಣ ಹೊರಗೆ ಓಡಬೇಕಾದ ಕಷ್ಟ. ಇವೆಲ್ಲ "ಗ್ಯಾಸ್ಟ್ರಿಕ್" ಅನ್ನೋ ಒಂದೇ ಶಬ್ದದ ಒಳಗೆ ಅಡಗಿ ಕೂತಿವೆ. ಜೀರಿಗೆ ಕಷಾಯ ಕುಡಿಯುತ್ತೇವೆ, ಓಮ ಅಗಿಯುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ. ಆಗಲಿಲ್ಲ ಅಂದ್ರೆ ಮೆಡಿಕಲ್ ಶಾಪಿನಲ್ಲಿ ಒಂದು ಗ್ಯಾಸ್ ಮಾತ್ರೆ. ಬೆನ್ನುನೋವು ಅಂತ ಅದರ ಜೊತೆಗೇ ಒಂದು ನೋವಿನ ಮಾತ್ರೆ. ಆ ನೋವಿನ ಮಾತ್ರೆಯೇ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

ಎಲ್ಲರಿಗೂ ಬಡಿಸಿ ಕೊನೆಗೆ ಊಟ ಮಾಡುವವರು ನಾವು. ಅಡಿಕೆ ಸುಲಿಯುವ ದಿನಗಳಲ್ಲಿ ಅದೂ ರಾತ್ರಿ ಎಷ್ಟು ಹೊತ್ತಿಗೋ. ಕೆಲಸಕ್ಕೆ ಹೋದ ಕಡೆ ಶೌಚಾಲಯ ಇಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇವೆ, ಬಂದದ್ದನ್ನು ತಡೆದುಕೊಳ್ಳುತ್ತೇವೆ. ಇದನ್ನೆಲ್ಲ ಯಾವ ಡಾಕ್ಟರ ಹತ್ತಿರ ಹೇಳಿದ್ದೇವೆ? ಮಲದ ವಿಷಯ ಬಾಯಿಬಿಟ್ಟು ಹೇಳೋದೇ ನಾಚಿಕೆ.

ನಾವು ಹೇಳದಿದ್ದರೆ ಏನಾಗುತ್ತದೆ? ಒಂದು ಉದಾಹರಣೆ ನೋಡಿ. ಪದೇ ಪದೇ ಹೊಟ್ಟೆನೋವು, ಅದರ ಜೊತೆ ಭೇದಿ ಅಥವಾ ಮಲಬದ್ಧತೆ, ಆದರೆ ಪರೀಕ್ಷೆ ಮಾಡಿದರೆ ಹುಣ್ಣು, ಗಡ್ಡೆ ಏನೂ ಕಾಣುವುದಿಲ್ಲ. ಇಂಥ ಕಾಯಿಲೆಗೆ ವೈದ್ಯರು ಐಬಿಎಸ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ದೇಶದ ಜಠರ-ಕರುಳು ತಜ್ಞರ ಸಂಘದವರು ದೇಶದ 18 ಕೇಂದ್ರಗಳಲ್ಲಿ ಇದರ ಬಗ್ಗೆ ಮಾಹಿತಿ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ತೊಂದರೆ ಹೇಳಿಕೊಂಡು ಆಸ್ಪತ್ರೆಗೆ ಬಂದವರು 2,785 ಜನ. ಅವರಲ್ಲಿ ಗಂಡಸರು 1,891. ಅಂದರೆ ನೂರಕ್ಕೆ 68 ಜನ ಗಂಡಸರು! ಹಾಗಾದರೆ ಹೆಂಗಸರಿಗೆ ಈ ಕಾಯಿಲೆ ಕಡಿಮೆಯೇ? ಅದೇ ಅಧ್ಯಯನದಲ್ಲಿ ಆಸ್ಪತ್ರೆಗೆ ಬರದ, ಊರು-ಕೇರಿಯ 4,500 ಜನರನ್ನೂ ಮಾತಾಡಿಸಿದ್ದರು. ಅಲ್ಲಿ ಗಂಡಸರಲ್ಲಿ ನೂರಕ್ಕೆ 4.3, ಹೆಂಗಸರಲ್ಲಿ ನೂರಕ್ಕೆ 4. ಹೆಚ್ಚುಕಡಿಮೆ ಸಮ ಸಮ.

ಕಾಯಿಲೆ ಇಬ್ಬರಿಗೂ ಇದೆ. ಆಸ್ಪತ್ರೆಯ ಬಾಗಿಲಿನಲ್ಲಿ ಮಾತ್ರ ನಾವು ಕಡಿಮೆ. ಆಸ್ಪತ್ರೆಗೆ ಬಂದವರನ್ನಷ್ಟೇ ಲೆಕ್ಕ ಹಿಡಿದಿದ್ದರೆ "ಇದು ಗಂಡಸರ ಕಾಯಿಲೆ" ಅಂತ ಬರೆದುಬಿಡುತ್ತಿದ್ದರು. ಊರಿನಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಆ ಹೆಂಗಸರಿಂದ ಸತ್ಯ ಹೊರಗೆ ಬಂತು. ಅವರು ಕೊಟ್ಟದ್ದು ರಕ್ತ ಅಲ್ಲ, ದುಡ್ಡು ಅಲ್ಲ. ಸ್ವಲ್ಪ ಸಮಯ ಮತ್ತು ನಿಜವಾದ ಮಾತು. ಸ್ವಯಂಸೇವೆ ಅಂದರೆ ಇದೂ ಒಂದು ಸ್ವಯಂಸೇವೆಯೇ.

ಇನ್ನೊಂದು ಸಂಗತಿ. ಪಶ್ಚಿಮ ದೇಶಗಳ ಪುಸ್ತಕದಲ್ಲಿ ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋದರೆ ಮಲಬದ್ಧತೆ ಅಂತ ಒಂದು ಅಳತೆ ಇದೆ. ನಮ್ಮ ಊಟ ಬೇರೆ, ಅನ್ನ-ಸಾರು-ಸೊಪ್ಪು-ತರಕಾರಿ. ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಒಂದೆರಡು ಸಲ ಹೋಗುವವರು. ಹಾಗಾಗಿ ಆ ಅಳತೆ ನಮ್ಮವರಿಗೆ ಸರಿಹೊಂದುವುದಿಲ್ಲ ಅಂತ ನಮ್ಮ ದೇಶದ ತಜ್ಞರು ಹೇಳಿದ್ದಾರೆ. ನಮ್ಮ ಹೊಟ್ಟೆಯನ್ನು ನಮ್ಮ ಅಳತೆಯಲ್ಲೇ ಅಳೆಯಬೇಕಾದರೆ ನಮ್ಮ ಜನರೇ ಸಂಶೋಧನೆಯಲ್ಲಿ ಇರಬೇಕು.

ನಮ್ಮ ಮಲೆನಾಡಿಗೆ ಇದು ಹೊಸದಲ್ಲ

ಸಂಶೋಧನೆ ಅಂದ ಕೂಡಲೇ ಹೆದರುವುದು ಬೇಡ. ಈ ಸೀಮೆಯವರಿಗೆ ಅದು ಹಳೆಯ ಪರಿಚಯ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು. ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಭೇದಿ, ಕೆಲವರಿಗೆ ರಕ್ತಸ್ರಾವ. ಅದೇ ಮಂಗನ ಕಾಯಿಲೆ. ವಿಜ್ಞಾನಿಗಳು ಕಾಯಿಲೆಯವರ ರಕ್ತ ಪರೀಕ್ಷೆ ಮಾಡಿದ್ದರಿಂದ, ಕಾಡಿನ ಉಣ್ಣೆಗಳನ್ನು ಹುಡುಕಿದ್ದರಿಂದ ಅದರ ವೈರಸ್ ಪತ್ತೆಯಾಯಿತು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಲಸಿಕೆಯ ಪರೀಕ್ಷೆ ನಡೆಯಿತು. ಎರಡು ಡೋಸ್ ತೆಗೆದುಕೊಂಡವರಿಗೆ ನೂರಕ್ಕೆ 93ರಷ್ಟು ರಕ್ಷಣೆ ಅಂತ ಆಗ ಲೆಕ್ಕ ಸಿಕ್ಕಿತು. ಆದರೆ 2005ರಿಂದ 2010ರವರೆಗಿನ ಮಾಹಿತಿಯನ್ನು ಮತ್ತೆ ನೋಡಿದಾಗ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ನೂರಕ್ಕೆ 62ರಷ್ಟು ಮಾತ್ರ ಅಂತ ಗೊತ್ತಾಯಿತು. 2018ರ ಕೊನೆಗೆ ಮತ್ತು 2019ರಲ್ಲಿ ನಮ್ಮದೇ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಏನಾಯಿತು ಅನ್ನೋದು ನಿಮಗೆಲ್ಲ ನೆನಪಿದೆ. ಆ ಹಳೆಯ ಲಸಿಕೆ ಈಗ ನಿಂತುಹೋಗಿದೆ. ಅದರ ಜಾಗಕ್ಕೆ ಹೊಸದು ಬರಬೇಕಾದರೆ ಮತ್ತೆ ಜನರೇ ಮುಂದೆ ಬಂದು ಪರೀಕ್ಷೆಗೆ ಒಪ್ಪಬೇಕು. ಬೇರೆ ದಾರಿ ಇಲ್ಲ.

ಹೊಟ್ಟೆಯ ವಿಷಯಕ್ಕೇ ಬಂದರೆ, ನಿಮ್ಮ ಮೊಮ್ಮಕ್ಕಳಿಗೆ 6, 10, 14ನೇ ವಾರದಲ್ಲಿ ಬಾಯಿಗೆ ಹಾಕಿಸುವ ರೋಟಾ ಲಸಿಕೆ ಇದೆಯಲ್ಲ, ಅದು ಎಳೆಯ ಮಕ್ಕಳ ವಾಂತಿ-ಭೇದಿ ತಡೆಯುವ ಲಸಿಕೆ. ನಮ್ಮ ದೇಶದಲ್ಲೇ ತಯಾರಾದ ರೋಟಾವ್ಯಾಕ್ ಎಂಬ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರು ಈ ಮೂರು ಕಡೆ 6,799 ಕೂಸುಗಳಲ್ಲಿ ಪರೀಕ್ಷಿಸಿದರು. ಮೊದಲ ವರ್ಷದಲ್ಲಿ ರೋಟಾ ವೈರಸ್ಸಿನ ಜೋರು ಭೇದಿ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. 2016ರಿಂದ ರೋಟಾ ಲಸಿಕೆ ಹಂತ ಹಂತವಾಗಿ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಯಾವುದೋ ಊರಿನ ತಂದೆ-ತಾಯಂದಿರು ಯೋಚನೆ ಮಾಡಿ ಒಪ್ಪಿಗೆ ಕೊಟ್ಟಿದ್ದರಿಂದ ಇವತ್ತು ನಮ್ಮ ಅಂಗನವಾಡಿಯ ಮಗುವಿಗೆ ಪ್ರಯೋಜನ ಆಯಿತು.

ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ಇದನ್ನು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಿಕಿತ್ಸೆಯಲ್ಲಿ ಡಾಕ್ಟರು ನಿಮ್ಮನ್ನು ಗುಣ ಮಾಡಲು ನೋಡುತ್ತಾರೆ. ಸಂಶೋಧನೆಯಲ್ಲಿ ಇನ್ನೂ ಗೊತ್ತಿಲ್ಲದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಅದರಿಂದ ನಿಮಗೆ ಪ್ರಯೋಜನ ಆಗಬಹುದು, ಆಗದೆಯೂ ಇರಬಹುದು.

ಹೊಟ್ಟೆಯ ಸಂಶೋಧನೆಯಲ್ಲಿ ನಾಲ್ಕೈದು ಬಗೆ ಇವೆ. ಒಂದು, ಬರೀ ಪ್ರಶ್ನೆ ಕೇಳುವುದು. ಏನು ಊಟ, ಎಷ್ಟು ಹೊತ್ತಿಗೆ, ನೋವು ಎಲ್ಲಿ, ಮಲ ಹೇಗೆ. ಮಲದ ಏಳು ಬಗೆಯ ಚಿತ್ರ ಇರುವ ಒಂದು ಚಾರ್ಟ್ ತೋರಿಸುತ್ತಾರೆ. ಬಾಯಲ್ಲಿ ಹೇಳಲು ನಾಚಿಕೆ ಆದರೆ ಬೆರಳಿಟ್ಟು ತೋರಿಸಿದರೆ ಸಾಕು. ಎರಡು, ರಕ್ತ ಅಥವಾ ಮಲದ ಸ್ಯಾಂಪಲ್ ಕೊಡುವುದು. ಮೂರು, ಉಸಿರಿನ ಪರೀಕ್ಷೆ. ಸಕ್ಕರೆಯಂಥ ಒಂದು ದ್ರಾವಣ ಕುಡಿಸಿ, ಆಗಾಗ ಚೀಲಕ್ಕೋ ಯಂತ್ರಕ್ಕೋ ಊದಿಸುತ್ತಾರೆ. ನಾಲ್ಕು, ಬಾಯಿಯ ಮೂಲಕ ಸಣ್ಣ ಕ್ಯಾಮರಾ ಕೊಳವೆ ಬಿಟ್ಟು ನೋಡುವ ಎಂಡೋಸ್ಕೋಪಿ. ಐದು, ಹೊಸ ಔಷಧಿಯ ಪರೀಕ್ಷೆ. ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಅಪಾಯ ತೀರಾ ಕಡಿಮೆ. ಹೊಸ ಔಷಧಿ ನುಂಗುವುದರಲ್ಲಿ ಅಪಾಯ ಹೆಚ್ಚು. ಎಲ್ಲಕ್ಕೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಔಷಧಿ ಪರೀಕ್ಷೆಯಲ್ಲಿ ಯಾರಿಗೆ ಹೊಸ ಮಾತ್ರೆ, ಯಾರಿಗೆ ಹಳೆಯ ಮಾತ್ರೆ ಅನ್ನೋದನ್ನು ಹೆಚ್ಚಾಗಿ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡುತ್ತಾರೆ. ಚೀಟಿ ಎತ್ತುವುದು ನಿಮಗೆ ಹೊಸದಲ್ಲವಲ್ಲ! ಡಾಕ್ಟರಿಗೂ ಯಾರಿಗೆ ಯಾವುದು ಅಂತ ಗೊತ್ತಿರದೆ ಇರಬಹುದು. ಕೆಲವು ಸಲ ಒಂದು ಗುಂಪಿಗೆ ಔಷಧಿಯೇ ಇಲ್ಲದ, ನೋಡಲು ಮಾತ್ರ ಮಾತ್ರೆಯಂತಿರುವ ಗುಳಿಗೆ ಕೊಡುತ್ತಾರೆ. ಇದು ಮೋಸ ಅಲ್ಲ, ಆದರೆ ಹೀಗೆ ಆಗಬಹುದು ಅಂತ ಮೊದಲೇ ಹೇಳಿರಬೇಕು.

ಇಲ್ಲೊಂದು ಎಚ್ಚರಿಕೆ. ಕಪ್ಪು ಡಾಂಬರಿನ ಹಾಗೆ ಮಲ ಹೋಗುವುದು, ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ – ಇವುಗಳಲ್ಲಿ ಒಂದಿದ್ದರೂ ಸಂಶೋಧನೆಯವರು ಬರಲಿ ಅಂತ ಕಾಯಬೇಡಿ. ಸಾಗರದ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ, ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ ಡಾಕ್ಟರಿಗೆ ತೋರಿಸಿ. ಮೊದಲು ಚಿಕಿತ್ಸೆ, ಸಂಶೋಧನೆ ಆಮೇಲೆ.

ಕೇಳದೆ ಮಾಡಿದರೆ ಏನಾಗುತ್ತದೆ

ಹೊಟ್ಟೆಯ ಸಂಶೋಧನೆಯ ಚರಿತ್ರೆಯಲ್ಲಿ ಒಬ್ಬ ಬಡ ಕೂಲಿಯವನ ಕಥೆ ಇದೆ. ಅವನ ಹೆಸರು ಅಲೆಕ್ಸಿಸ್ ಸೇಂಟ್ ಮಾರ್ಟಿನ್. ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರದ ಕಂಪನಿಯ ದೋಣಿ ಕೂಲಿ. 1822ರಲ್ಲಿ ಅಕಸ್ಮಾತ್ ಬಂದೂಕಿನ ಗುಂಡು ತಗುಲಿ ಅವನ ಹೊಟ್ಟೆಗೆ ತೂತಾಯಿತು. ವಿಲಿಯಂ ಬೋಮಾಂಟ್ ಎಂಬ ಸೈನ್ಯದ ಡಾಕ್ಟರು ಅವನನ್ನು ಉಳಿಸಿದರು. ಆದರೆ ತೂತು ಪೂರ್ತಿ ಮುಚ್ಚಲಿಲ್ಲ. ಆ ತೂತಿನ ಮೂಲಕ ಡಾಕ್ಟರು ರೇಷ್ಮೆ ದಾರಕ್ಕೆ ಮಾಂಸ, ರೊಟ್ಟಿ ಚೂರು ಕಟ್ಟಿ ಒಳಗೆ ಇಳಿಸಿ, ಸ್ವಲ್ಪ ಹೊತ್ತಿನ ಮೇಲೆ ಎಳೆದು, ಎಷ್ಟು ಕರಗಿದೆ ಅಂತ ನೋಡುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಸಲ ಇಂಥ ಪ್ರಯೋಗ ಮಾಡಿದರು. 1833ರಲ್ಲಿ ಪುಸ್ತಕ ಬಂತು. ಹೊಟ್ಟೆಯ ರಸ ಆಹಾರವನ್ನು ಹೇಗೆ ಕರಗಿಸುತ್ತದೆ ಅನ್ನೋದು ಜಗತ್ತಿಗೆ ಸ್ಪಷ್ಟವಾಗಿ ಗೊತ್ತಾದದ್ದು ಹಾಗೆ.

ಡಾಕ್ಟರಿಗೆ ಹೆಸರು ಬಂತು. ಸೇಂಟ್ ಮಾರ್ಟಿನ್‌ಗೆ ಓದು-ಬರಹ ಇರಲಿಲ್ಲ. ಸಂಬಳ, ಊಟ, ವಸತಿಗೆ ಕರಾರು ಮಾಡಿಕೊಂಡು ಇದ್ದ. ಬಡತನ ಇದ್ದುದರಿಂದ ಹೋಗುತ್ತಿದ್ದ, ಬೇಸರವಾದಾಗ ಬಿಟ್ಟು ಬರುತ್ತಿದ್ದ. 1880ರಲ್ಲಿ ಅವನು ತೀರಿಕೊಂಡಾಗ, ಡಾಕ್ಟರುಗಳು ಅವನ ಹೊಟ್ಟೆಯನ್ನು ಕೊಯ್ದು ಒಯ್ಯುವುದು ಬೇಡ ಅಂತ ಮನೆಯವರು ಶವವನ್ನು ಕೆಡಲು ಬಿಟ್ಟು, ಆಮೇಲೆ ಆಳವಾದ ಗುಂಡಿ ತೋಡಿ ಹೂಳಿದರು. ಯೋಚನೆ ಮಾಡಿ ನೋಡಿ, ಸತ್ತ ಮೇಲೂ ಕಾಯಬೇಕು ಅನ್ನಿಸಬೇಕಾದರೆ ಆ ಕುಟುಂಬಕ್ಕೆ ಎಷ್ಟು ನೋವಾಗಿರಬೇಕು. ವಿಜ್ಞಾನಕ್ಕೆ ಅವನಿಂದ ತುಂಬಾ ಸಿಕ್ಕಿತು, ನಿಜ. ಆದರೆ ಅವನನ್ನು ಮನುಷ್ಯ ಅಂತ ನೋಡಿದ್ದು ಕಡಿಮೆ, ಹೊಟ್ಟೆ ಅಂತ ನೋಡಿದ್ದೇ ಹೆಚ್ಚು.

ಇದು ಹಳೆಯ ಕಾಲದ, ದೂರದ ಕಥೆ ಅನ್ನಬೇಡಿ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯನ್ನು ಒಂದು ಅಧ್ಯಯನಕ್ಕಾಗಿ ಹಾಕಿದರು. ಖಮ್ಮಂನಲ್ಲಿ ಎಷ್ಟೋ ಮಕ್ಕಳು ಹಾಸ್ಟೆಲಿನಲ್ಲಿದ್ದ ಬಡ, ಬುಡಕಟ್ಟು ಕುಟುಂಬದವರು. ಅವರ ಅಪ್ಪ-ಅಮ್ಮನ ಬದಲಿಗೆ ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ಟರುಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು! 2010ರಲ್ಲಿ ಅಧ್ಯಯನ ನಿಲ್ಲಿಸಿದರು, 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಆ ಲಸಿಕೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯಲು ಅದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ತಪ್ಪಾದದ್ದು ಒಪ್ಪಿಗೆಯಲ್ಲಿ. ಒಬ್ಬರ ದೇಹಕ್ಕೆ ಇನ್ನೊಬ್ಬರು ಸಹಿ ಹಾಕಿದ್ದರಲ್ಲಿ.

ಈಗ ಕಾನೂನು ನಮ್ಮ ಕಡೆ ಇದೆ

ಇಂಥ ಅನುಭವಗಳಿಂದ, ಕೋರ್ಟಿನಲ್ಲಿ ಜನ ಹೋರಾಡಿದ್ದರಿಂದ ನಿಯಮಗಳು ಬಿಗಿಯಾಗಿವೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪರೀಕ್ಷೆ ನಿಯಮಗಳು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಇವು ಮುಖ್ಯವಾದವು. ಅದರಲ್ಲಿ ನಮಗೆ ಬೇಕಾದದ್ದನ್ನು ಸರಳವಾಗಿ ಹೇಳುತ್ತೇವೆ.

ಯಾವುದೇ ಸಂಶೋಧನೆಯನ್ನು ಮೊದಲು ಒಂದು ನೈತಿಕ ಸಮಿತಿ ನೋಡಿ ಒಪ್ಪಬೇಕು. ಔಷಧಿ ಪರೀಕ್ಷೆಯ ಸಮಿತಿಯಲ್ಲಿ ಕಡಿಮೆ ಅಂದರೂ ಏಳು ಜನ ಇರಬೇಕು. ಡಾಕ್ಟರುಗಳಷ್ಟೇ ಅಲ್ಲ, ಕಾನೂನು ತಿಳಿದವರು, ಒಬ್ಬ ಮಹಿಳೆ, ನಮ್ಮ-ನಿಮ್ಮಂಥ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಲೇಬೇಕು. ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಸಿಗಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಆಗ ಸಂಶೋಧನೆಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತಿದ್ದು ಸಹಿ ಹಾಕಬೇಕು. ಔಷಧಿ ಪರೀಕ್ಷೆಯಲ್ಲಿ ತೊಂದರೆಯಾದರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಪರೀಕ್ಷೆಯಿಂದಲೇ ಹಾನಿಯಾಯಿತು ಅಂತ ತೀರ್ಮಾನವಾದರೆ ಪರಿಹಾರವನ್ನೂ ಕೊಡಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆ, ನೀವು ಹೊರಗೆ ಬರಬಹುದು. ಹೊರಗೆ ಬಂದರೆ ಮಾಮೂಲಿ ಚಿಕಿತ್ಸೆಗೆ ಏನೂ ಅಡ್ಡಿ ಮಾಡುವಂತಿಲ್ಲ. 2009ರಿಂದ ಔಷಧಿ ಪರೀಕ್ಷೆಗಳನ್ನೆಲ್ಲ ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐನಲ್ಲಿ ದಾಖಲು ಮಾಡಬೇಕು. ನಿಮ್ಮ ಕಾಲೇಜು ಓದುವ ಮಗಳು ಮೊಬೈಲಿನಲ್ಲೇ ಅದನ್ನು ಹುಡುಕಿ ನೋಡಬಹುದು.

ನೀನಾಸಂ ಇರುವ ಊರಿನ ಹತ್ತಿರದವರು ನಾವು. ನಾಟಕ ಹೇಗೆ ತಯಾರಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾತ್ರ ಏನು, ಮಾತು ಏನು ಅಂತ ತಿಳಿಯದೆ ಯಾರೂ ರಂಗಕ್ಕೆ ಹತ್ತುವುದಿಲ್ಲ. ಸಂಶೋಧನೆಯಲ್ಲೂ ನಮ್ಮ ಪಾತ್ರ ಏನು ಅಂತ ತಿಳಿದ ಮೇಲೇ ಹೆಬ್ಬೆಟ್ಟು, ಸಹಿ ಎಲ್ಲ.

ಸಹಿಗೆ ಮೊದಲು ಕೇಳಬೇಕಾದ ಹತ್ತು ಪ್ರಶ್ನೆಗಳು

1. ಇದು ಚಿಕಿತ್ಸೆಯೋ, ಸಂಶೋಧನೆಯೋ?
2. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ?
3. ಯಾವ ಆಸ್ಪತ್ರೆ, ಯಾವ ಕಾಲೇಜು? ದುಡ್ಡು ಯಾರದ್ದು?
4. ನೈತಿಕ ಸಮಿತಿ ಒಪ್ಪಿದೆಯೇ? ಅವರ ಫೋನ್ ನಂಬರ್ ಈ ಕಾಗದದಲ್ಲಿ ಎಲ್ಲಿದೆ?
5. ನಾವು ಏನೇನು ಮಾಡಬೇಕು? ಎಷ್ಟು ಸಲ ಬರಬೇಕು? ರಕ್ತ ಎಷ್ಟು ತೆಗೆಯುತ್ತೀರಿ?
6. ಅಪಾಯ ಏನು? ತೊಂದರೆಯಾದರೆ ರಾತ್ರಿ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು?
7. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಕೇ? ಬಸುರಿ, ಬಾಣಂತಿ ಆದರೆ ಹೇಗೆ?
8. ನಮ್ಮ ಹೆಸರು, ಕಾಯಿಲೆಯ ವಿಷಯ ಯಾರಿಗೆಲ್ಲ ಗೊತ್ತಾಗುತ್ತದೆ? ಸ್ಯಾಂಪಲ್ಲನ್ನು ಆಮೇಲೆ ಏನು ಮಾಡುತ್ತೀರಿ?
9. ಬಸ್ ಖರ್ಚು, ತಪ್ಪಿದ ಕೂಲಿ ಕೊಡುತ್ತೀರಾ? ನಮ್ಮಿಂದ ಏನಾದರೂ ದುಡ್ಡು ಕೇಳುತ್ತೀರಾ?
10. ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ? ಮುಗಿದ ಮೇಲೆ ಫಲಿತಾಂಶ ನಮಗೆ ಹೇಳುತ್ತೀರಾ?

ಒಳ್ಳೆಯ ಸಂಶೋಧಕರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಂತೋಷ ಪಡುತ್ತಾರೆ. ಸಿಟ್ಟಾದರೆ, "ಟೈಮಿಲ್ಲ, ಬೇಗ ಸಹಿ ಹಾಕಿ" ಅಂದರೆ, ಅವತ್ತು ಸಹಿ ಹಾಕಬೇಡಿ. ಕಾಗದ ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇವೆ ಅನ್ನಿ.

ಸಂಘ ಒಪ್ಪಿದರೆ ನಾವು ಒಪ್ಪಿದಂತಲ್ಲ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸಂಘದಲ್ಲಿ ನಾವು ಸಾಲ ಕೊಡುವಾಗ ಒಟ್ಟಿಗೆ ಕೂತು ತೀರ್ಮಾನ ಮಾಡುತ್ತೇವೆ, ನಿರ್ಣಯ ಪುಸ್ತಕದಲ್ಲಿ ಬರೆಯುತ್ತೇವೆ, ಎಲ್ಲರೂ ಸಹಿ ಹಾಕುತ್ತೇವೆ. ಅದು ಸರಿ. ದುಡ್ಡು ಎಲ್ಲರದ್ದು. ಆದರೆ ದೇಹ ಒಬ್ಬೊಬ್ಬರದ್ದು. ಅಧ್ಯಕ್ಷೆ ಒಪ್ಪಿದರು, ಪ್ರತಿನಿಧಿ ಒಪ್ಪಿದರು, ಪಕ್ಕದಲ್ಲಿ ಕೂತವಳು ಹೆಬ್ಬೆಟ್ಟು ಒತ್ತಿದಳು, ನಾನೊಬ್ಬಳು ಬೇಡ ಅಂದರೆ ಏನಂದುಕೊಳ್ಳುತ್ತಾರೋ – ಇಂಥ ಮುಲಾಜಿನಲ್ಲಿ ಕೊಟ್ಟದ್ದು ಒಪ್ಪಿಗೆ ಅಲ್ಲ. ಮುಂದಿನ ಸಾಲ ಸಿಗದೇ ಹೋದೀತು ಅನ್ನೋ ಹೆದರಿಕೆಯಲ್ಲಿ ಕೊಟ್ಟದ್ದಂತೂ ಒಪ್ಪಿಗೆಯೇ ಅಲ್ಲ.

ನಮ್ಮ ಬಗ್ಗೆಯೂ ಇದೇ ಮಾತು. "ಸಿಸ್ಟರ್ ಹೇಳಿದ್ದಾರೆ, ಒಳ್ಳೇದೇ ಇರಬೇಕು" ಅಂತ ಸಹಿ ಹಾಕಬೇಡಿ. ನೀವು ನಮ್ಮ ಮೇಲೆ ಇಟ್ಟ ವಿಶ್ವಾಸ ದೊಡ್ಡದು. ಅದೇ ಕಾರಣಕ್ಕೆ ಅದನ್ನು ಬೇರೆಯವರು ಬಳಸಿಕೊಳ್ಳುವ ಹಾಗೆ ಆಗಬಾರದು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನಾವು – ಯಾರೇ ಕರೆದುಕೊಂಡು ಬಂದರೂ ಪ್ರಶ್ನೆ ಕೇಳುವ ಹಕ್ಕು ನಿಮ್ಮದು.

ದುಡ್ಡಿನ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಮಾತಾಡೋಣ. ಕೆಲವು ಅಧ್ಯಯನಗಳಲ್ಲಿ ಆರೋಗ್ಯವಂತರಿಗೆ ಮಾತ್ರೆ ಕೊಟ್ಟು, ಒಂದೆರಡು ದಿನ ಇಟ್ಟುಕೊಂಡು, ಪದೇ ಪದೇ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಆ ದಿನಗಳಿಗೆ ಹಣವನ್ನೂ ಕೊಡುತ್ತಾರೆ. ನಿಯಮದ ಪ್ರಕಾರ ನಡೆದರೆ ಇದು ತಪ್ಪಲ್ಲ. ಆದರೆ ದುಡ್ಡಿನ ಆಸೆಗೆ ಒಂದರ ಹಿಂದೆ ಒಂದು ಸೇರುವುದು, ಹಿಂದಿನದನ್ನು ಮುಚ್ಚಿಡುವುದು, ಇರುವ ಕಾಯಿಲೆ ಹೇಳದೆ ಇರುವುದು – ಇದು ನಿಮ್ಮ ಜೀವಕ್ಕೂ ಅಪಾಯ, ಆ ಔಷಧಿಯನ್ನು ಮುಂದೆ ನುಂಗುವವರ ಜೀವಕ್ಕೂ ಅಪಾಯ. ಸಂಘದ ಕಂತು ಕಟ್ಟಲು ಕಷ್ಟವಾದರೆ ಸಭೆಯಲ್ಲಿ ಹೇಳಿ. ಕಂತು ಮುಂದೆ ಹಾಕಬಹುದು, ಚಿಕ್ಕದು ಮಾಡಬಹುದು. ಸಂಘ ಇರುವುದೇ ಅದಕ್ಕೆ. ಕಂತಿಗಾಗಿ ಯಾರ ಮೈಯೂ ಪರೀಕ್ಷೆಗೆ ಹೋಗಬೇಕಾಗಿಲ್ಲ.

ನೀವು ಕೇಳಿದ ಕೆಲವು ಪ್ರಶ್ನೆಗಳು

"ಗಂಡ ಒಪ್ಪದಿದ್ದರೆ ಸೇರಬಹುದೇ?" ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಅವಳದ್ದೇ. ಗಂಡನ ಸಹಿ ಅವಳ ಸಹಿಯ ಬದಲಿಗೆ ನಡೆಯುವುದಿಲ್ಲ. ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿದರೆ ಒಳ್ಳೆಯದು. ಆದರೆ ಗಂಡ ಒಪ್ಪಿ ಹೆಂಡತಿ ಬೇಡ ಅಂದರೆ ಅದು ಬೇಡವೇ.

"ನಮ್ಮ ಕಷಾಯ, ನಾಟಿ ಮದ್ದಿನ ಬಗ್ಗೆ ಹೇಳಿದರೆ ಬೈಯುತ್ತಾರೆ ಅಲ್ವಾ?" ಬೈಯುವಂತಿಲ್ಲ. ಹೇಳಲೇಬೇಕು. ನೀವು ಕುಡಿಯುವ ಕಷಾಯ, ಅಂಗಡಿಯಿಂದ ತಂದ ನೋವಿನ ಮಾತ್ರೆ, ಎಲೆ-ಅಡಿಕೆ, ಹೊಗೆಸೊಪ್ಪು ಎಲ್ಲವನ್ನೂ ಇದ್ದ ಹಾಗೇ ಹೇಳಿ. ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

"ಹುಣ್ಣು ಖಾರ ತಿಂದರೆ ಬರುತ್ತದೆ ಅಲ್ವಾ?" ಹಿಂದೆ ಡಾಕ್ಟರುಗಳೂ ಖಾರ, ಚಿಂತೆ ಅಂತಲೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಡಾಕ್ಟರುಗಳು, ಹೆಚ್ಚಿನ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಅಂತ ಕಂಡುಹಿಡಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾ ಇದ್ದ ದ್ರಾವಣ ಕುಡಿದು ಕಾಯಿಲೆ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಈಗ ಅಂಥ ಹುಣ್ಣು ಮಾತ್ರೆಯಲ್ಲಿ ವಾಸಿಯಾಗುತ್ತದೆ. ಆ ಡಾಕ್ಟರು ಪ್ರಯೋಗ ಮಾಡಿದ್ದು ತಮ್ಮ ಹೊಟ್ಟೆಯ ಮೇಲೆ, ಎಲ್ಲ ತಿಳಿದುಕೊಂಡು. ಹಾಗೆ ತಿಳಿದುಕೊಂಡು ಒಪ್ಪುವ ಹಕ್ಕು ಓದು-ಬರಹ ಇಲ್ಲದ ಕೂಲಿ ಹೆಂಗಸಿಗೂ ಇದೆ.

ಈ ತಿಂಗಳು ಮಾಡಬೇಕಾದ ಕೆಲಸ

ಮುಂದಿನ ಸಭೆಯಲ್ಲಿ ಈ ಹತ್ತು ಪ್ರಶ್ನೆಗಳನ್ನು ಓದಬಲ್ಲವರೊಬ್ಬರು ಗಟ್ಟಿಯಾಗಿ ಓದಿ ಹೇಳಿ. ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: "ಯಾವುದೇ ವೈದ್ಯಕೀಯ ಸಂಶೋಧನೆಗೆ ಸಂಘದ ಪರವಾಗಿ ಯಾರೂ ಒಪ್ಪಿಗೆ ಕೊಡುವುದಿಲ್ಲ. ಪ್ರತಿಯೊಬ್ಬ ಸದಸ್ಯೆ ತಾನೇ ತಿಳಿದುಕೊಂಡು ಹೌದು ಅಥವಾ ಬೇಡ ಅನ್ನುತ್ತಾಳೆ. ಬೇಡ ಅಂದವರನ್ನು ಯಾರೂ ಏನೂ ಅನ್ನುವುದಿಲ್ಲ." ಎಲ್ಲರೂ ಸಹಿ ಹಾಕಿ.

ಇನ್ನೊಂದು ಕೆಲಸ. ನಿಮ್ಮ ಸಂಘದಲ್ಲಿ ಬಹಳ ದಿನದಿಂದ "ಏನಿಲ್ಲ, ಗ್ಯಾಸ್ಟ್ರಿಕ್ಕು" ಅನ್ನುತ್ತಾ ಇರುವ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿ ಬನ್ನಿ. ಒಬ್ಬರೇ ಹೋಗಲು ನಾಚಿಕೆ ಪಡುವವರು ಜೊತೆಗೆ ಒಬ್ಬರಿದ್ದರೆ ಬಾಯಿಬಿಟ್ಟು ಹೇಳುತ್ತಾರೆ. ನಮ್ಮ ನೋವು ಡಾಕ್ಟರ ಪುಸ್ತಕದಲ್ಲಿ ಬರೆಯಲ್ಪಟ್ಟರೆ ಲೆಕ್ಕಕ್ಕೆ ಸಿಗುತ್ತದೆ, ಲೆಕ್ಕಕ್ಕೆ ಸಿಕ್ಕರೆ ಮದ್ದೂ ಸಿಗುತ್ತದೆ.

ಚಹಾ ತಯಾರಾಗಿದೆ, ಯಾರೂ ಹಾಗೇ ಹೋಗಬೇಡಿ.